ತಿರುವಿ ಹೊಲಿದ ಕೋಟು

ವಕೀಲರ ಕಚೇರಿಯಲ್ಲಿ ನನಗೆ ಮೊದಲು ಸಿಟ್ಟು ತರಿಸಿದ್ದು ಅವರು ತೊಟ್ಟಿದ್ದ ಕೋಟು. ಎಡ ಭುಜ ಬಲ ಭುಜಕ್ಕಿಂತ ಅರ್ಧ ಬೆರಳು ಕೆಳಗೆ ಕೂತಿತ್ತು. ಕಾಲರಿನ ಹಿಂದೆ ಬಟ್ಟೆ ಉಬ್ಬಿಕೊಂಡಿತ್ತು. ಮೂವತ್ತೊಂದು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವನಿಗೆ ಇಂಥದ್ದು ಕಣ್ಣಿಗೆ ಬಿದ್ದರೆ ಎದುರಿನವರ ಮಾತು ಕಿವಿಗೆ ಇಳಿಯುವುದಿಲ್ಲ. ತಂಗಿ ಸತ್ತು ಐದು ತಿಂಗಳಾಗಿತ್ತು. ಅದು ಯಾರ ತಪ್ಪು ಎಂದು ತೀರ್ಮಾನ ಮಾಡಿಸಲು ಹೋದವನು ಅಲ್ಲಿ ಕೂತು ಇನ್ನೊಬ್ಬರ ಭುಜ ಅಳೆಯುತ್ತಿದ್ದೆ. ಪಕ್ಕದಲ್ಲಿ ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು.

ಅಮ್ಮನಿಗೆ ಬೇಕಾಗಿದ್ದದ್ದು ಒಂದೇ. ವಕೀಲರು ಪರಿಹಾರದ ಮಾತೆತ್ತಿದಾಗ ಅದೆಲ್ಲ ಆಮೇಲೆ ಎನ್ನುವಂತೆ ಕೈ ಆಡಿಸಿ ಹೇಳಿದಳು: “ನನ್ನ ಮಗಳದ್ದು ತಪ್ಪಿಲ್ಲ ಅಂತ ಕೋರ್ಟಿನವರು ಬರೆದು ಕೊಡಬೇಕು. ಅಷ್ಟು ಸಾಕು ನನಗೆ.”

ಅದಕ್ಕೆ ಕಾರಣವಿತ್ತು. ತಂಗಿ ಪುಟ್ಟಿಯನ್ನು ಮಣ್ಣು ಮಾಡಿ ಬಂದ ದಿನವೇ ನೆಂಟರಲ್ಲಿ ಯಾರೋ, ಸ್ವಲ್ಪ ನೋಡಿಕೊಂಡು ದಾಟಬಾರದಿತ್ತಾ ಎಂದಿದ್ದರು. ಆ ಮಾತು ಅಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು. ಪುಟ್ಟಿಗೆ ಕೈ ಹಿಡಿದು ರಸ್ತೆ ದಾಟುವುದನ್ನು ಕಲಿಸಿದವಳು ಅವಳೇ. ನಲವತ್ತು ದಾಟಿದ ಮಗಳು ಕೆಲಸಕ್ಕೆ ಹೊರಟಾಗಲೂ ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡು ಅನ್ನುತ್ತಿದ್ದಳು. ಪುಟ್ಟಿ ನನ್ನ ಕಡೆ ತಿರುಗಿ ಕಣ್ಣು ಮೇಲೆ ಮಾಡುತ್ತಿದ್ದಳು, ಆದರೆ ಎರಡೂ ಕಡೆ ನೋಡುತ್ತಿದ್ದಳು.

ವಕೀಲರು ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ವಿವರಿಸಿದರು. ಬ್ರೆಡ್ ಕಾರ್ಖಾನೆಯ ವ್ಯಾನು ಅವತ್ತು ಹೋಗುತ್ತಿದ್ದ ವೇಗದಲ್ಲಿ, ಎದುರಿಗೆ ಏನಾದರೂ ಕಂಡು ಬ್ರೇಕು ಒತ್ತಿ ನಿಲ್ಲಬೇಕಾದರೆ ನಲವತ್ತು ಮೀಟರು ಬೇಕು. ಅದಕ್ಕಿಂತ ದೂರದಿಂದಲೇ ಪುಟ್ಟಿ ದೀಪದ ಬೆಳಕಿಗೆ ಕಾಣಿಸುವಂತಿದ್ದರೆ, ನೋಡದೆ ಹೋದ ಡ್ರೈವರನದು ತಪ್ಪು. ಅದಕ್ಕಿಂತ ಹತ್ತಿರ ಬಂದ ಮೇಲಷ್ಟೇ ಕಾಣಿಸುವಂತಿದ್ದರೆ ತಪ್ಪು ಪುಟ್ಟಿಯದು. ರಸ್ತೆ ದಾಟುವ ಬಿಳಿ ಪಟ್ಟೆ ಬಿಟ್ಟು ಹನ್ನೊಂದು ಹೆಜ್ಜೆ ಆಚೆ ದಾಟಿದ್ದು ಬೇರೆ ಅವಳ ಲೆಕ್ಕಕ್ಕೇ ಸೇರುತ್ತದೆ. ಅಲ್ಲೊಂದು ಬೀದಿದೀಪ ಇತ್ತಲ್ಲ, ಅದು ಎರಡು ತಿಂಗಳಿಂದ ಉರಿಯುತ್ತಿರಲಿಲ್ಲವಲ್ಲ ಎಂದು ನಾನು ಕೇಳಿದೆ. ಅಪಘಾತದ ಮಾರನೆಯ ಬೆಳಗ್ಗೆಯೇ ಯಾರೋ ಬಂದು ಹೊಸ ಬಲ್ಬು ಹಾಕಿ ಹೋಗಿದ್ದರಂತೆ. ಬೀದಿದೀಪ ನೋಡಿಕೊಳ್ಳುವ ಕಚೇರಿಯ ಪುಸ್ತಕದ ಪ್ರಕಾರ ಆ ದೀಪ ಒಂದು ದಿನವೂ ಕೆಟ್ಟಿರಲಿಲ್ಲವಂತೆ. ಕೆಲಸ ಅಂದರೆ ಹಾಗಿರಬೇಕು.

“ಈಗ ಎಲ್ಲಾ ನಿಂತಿರೋದು ಅವತ್ತು ನಿಮ್ಮ ತಂಗಿ ತೊಟ್ಟಿದ್ದ ಕೋಟಿನ ಬಣ್ಣದ ಮೇಲೆ,” ಎಂದರು ವಕೀಲರು.

ಡ್ರೈವರ್ ಪೊಲೀಸರಿಗೆ ಕಪ್ಪು ಕೋಟು ಎಂದು ಹೇಳಿಕೆ ಕೊಟ್ಟಿದ್ದ. ಕೋಟು ಈಗ ಇರಲಿಲ್ಲ. ಆಸ್ಪತ್ರೆಯವರು ಕತ್ತರಿಯಲ್ಲಿ ಸೀಳಿ ತೆಗೆದು ಕಸಕ್ಕೆ ಹಾಕಿದ್ದರು. ಉಳಿದದ್ದು ರಸ್ತೆಯಲ್ಲಿ ಪೊಲೀಸರು ತೆಗೆದ ಒಂದು ಫೋಟೋ. ಅದರಲ್ಲಿ ಫ್ಲ್ಯಾಶಿನ ಬೆಳಕು ಹೊಡೆದು ರಸ್ತೆ, ಕೋಟು, ಚಪ್ಪಲಿ ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದವು. ಅಮ್ಮ ಕೈಚೀಲದಿಂದ ಬೇರೆ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಹಿಂದಿನ ವರ್ಷ ಪುಟ್ಟಿ ನನ್ನ ಅಂಗಡಿ ಬಾಗಿಲಿಗೆ ಒರಗಿ ನಿಂತಾಗ ತೆಗೆದದ್ದು. ಮೈಮೇಲೆ ಅದೇ ಉಣ್ಣೆ ಕೋಟು, ಬಿಸಿಲಿಗೆ ಬೆಳ್ಳಗಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎಂಟು ವರ್ಷ ಅದನ್ನು ಒಗೆದು ಒಣಗಿಸಿದವಳು ತಾನು, ಕಪ್ಪು ಎಂದವನ ಬಾಯಿ ಸೇದಿಹೋಗಲಿ ಎಂದಳು ಅಮ್ಮ.

ವಕೀಲರಿಗೆ ಉತ್ಸಾಹ ಬಂತು. ಆ ಬಟ್ಟೆಯ ತುಂಡು ಉಳಿದಿದೆಯೇ ಎಂದು ನನ್ನನ್ನು ಕೇಳಿದರು. ಉಳಿದಿತ್ತು. ಅದೇ ಥಾನಿನಲ್ಲಿ ಕತ್ತರಿಸಿದ ದೊಡ್ಡ ತುಂಡು ತಗಡಿನ ಪೆಟ್ಟಿಗೆಯಲ್ಲಿತ್ತು. ಹಾಗಾದರೆ ಅಂಥದ್ದೇ ಒಂದು ಕೋಟು ಹೊಲಿದು ಈ ಫೋಟೋದ ಬಣ್ಣಕ್ಕೆ ತನ್ನಿ, ಅದೇ ರಸ್ತೆಯಲ್ಲಿ ಅದೇ ಹೊತ್ತಿನಲ್ಲಿ ಇಟ್ಟು ಅಳೆಸೋಣ ಎಂದರು. ಅಮ್ಮ ನನ್ನ ಮುಖ ನೋಡಿದಳು. ಐದು ತಿಂಗಳಲ್ಲಿ ಮೊದಲ ಸಲ ಆ ಕಣ್ಣಿನಲ್ಲಿ ಜೀವ ಕಂಡಿತು. ನಾನು ಆಗಲಿ ಎಂದು ತಲೆ ಆಡಿಸಿದೆ.

ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಸಂಗತಿ ಇದು: ಡ್ರೈವರ್ ಹೇಳಿದ್ದು ನಿಜ.

ಹಳೆಯ ದರ್ಜಿಗಳಲ್ಲಿ ಒಂದು ಕೆಲಸವಿದೆ, ಈಗಿನವರಿಗೆ ಹೆಸರೂ ಗೊತ್ತಿಲ್ಲ. ಒಳ್ಳೆಯ ಉಣ್ಣೆ ಕೋಟು ಹೊರಗಿನಿಂದ ಮಾಸಿದರೂ ಲೈನಿಂಗಿನ ಕೆಳಗೆ ಬಟ್ಟೆಯ ಒಳಮೈ ಹೊಸದಾಗಿಯೇ ಇರುತ್ತದೆ. ಒಂದೊಂದು ಹೊಲಿಗೆಯನ್ನೂ ಬಿಚ್ಚಿ, ತುಂಡುಗಳನ್ನು ತಿರುವಿ, ಒಳಮೈ ಹೊರಗೆ ಬರುವಂತೆ ಮತ್ತೆ ಹೊಲಿದರೆ ಕೋಟು ನಿನ್ನೆ ಹೊಲಿದಂತೆ ಕಾಣುತ್ತದೆ. ಹನ್ನೆರಡು ದಿನದ ಕೆಲಸ. ನನ್ನ ಗುರು ಕಲಿಸಿದ್ದು. ಅದನ್ನು ಹೇಳಿಕೊಂಡು ಎಷ್ಟು ವರ್ಷ ಜಂಭ ಕೊಚ್ಚಿದ್ದೇನೋ ನನಗೇ ಗೊತ್ತಿಲ್ಲ.

ಪುಟ್ಟಿ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬ ಜೋಡಿಸುತ್ತಿದ್ದಳು. ಅವಳನ್ನು ಮುಂದಿನ ಕೌಂಟರಿಗೆ ಹಾಕಿದರು. ಜನರೆದುರು ನಿಲ್ಲುವ ಕೆಲಸ, ಮಾಸಿದ ಕೋಟಿನಲ್ಲಿ ಹೋಗಲು ನಾಚಿಕೆ ಎಂದಳು. ನನ್ನನ್ನು ಮೂರು ಬೀದಿ ಆಚೆಗೆ ಕರೆದುಕೊಂಡು ಹೋಗಿ ಗಾಜಿನ ಹಿಂದೆ ತೂಗುಹಾಕಿದ್ದ ಒಂದು ರೆಡಿಮೇಡ್ ಕೋಟು ತೋರಿಸಿದಳು. ಕೆನೆ ಬಣ್ಣದ್ದು. ನಾನು ಮೂಗು ಮುರಿದೆ. ಎರಡು ಒಗೆತಕ್ಕೆ ಭುಜ ಜೋತುಬೀಳುತ್ತದೆ, ದರ್ಜಿಯ ತಂಗಿ ಇಂಥದ್ದು ತೊಟ್ಟರೆ ನಾನು ಅಂಗಡಿ ಮುಚ್ಚಿ ಮನೆಯಲ್ಲಿ ಕೂರುವುದೇ ವಾಸಿ ಎಂದೆ. ಅವಳಿಗೆ ಆ ಕೋಟು ಇಷ್ಟವಾಗಿತ್ತು. ಆದರೂ ಅಣ್ಣನ ಮಾತಿಗೆ ಸುಮ್ಮನೆ ಹಳೆಯದನ್ನು ನನ್ನ ಕೈಗೆ ಕೊಟ್ಟಳು. ಅಮ್ಮನಿಗೆ ಗುಂಡಿ ಹಾಕಿಸಲು ಕೊಟ್ಟಿದ್ದೇನೆ ಎಂದು ಹೇಳಿದಳಂತೆ. ಹೊಸ ಕೋಟಿನಂತೆ ತೊಟ್ಟು ಬಂದು ಅಮ್ಮನನ್ನು ಬೆರಗು ಮಾಡುವ ಆಸೆ.

ಅಪಘಾತವಾದ ದಿನವೇ ಮಧ್ಯಾಹ್ನ ಎರಡು ಗಂಟೆಗೆ ಬಂದು ತೊಟ್ಟುಕೊಂಡಳು. ಬೂದಿ ಬಣ್ಣದ ಗುರುತೇ ಇರಲಿಲ್ಲ. ಇದ್ದಿಲಿನಂಥ ಕಪ್ಪು, ಬೆಳಕು ಬಿದ್ದಲ್ಲಿ ಸ್ವಲ್ಪ ನೀಲಿ. ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ ಗುಂಡಿಗೆ ಕೈ ಹಾಕಿ ನಕ್ಕಳು. ತಿರುವಿ ಹೊಲಿದಾಗ ಎಡದ ತುಂಡು ಬಲಕ್ಕೆ ಬರುತ್ತದೆ, ಗುಂಡಿಯೂ ಅದನ್ನು ತೂರಿಸುವ ಕಾಜವೂ ಅದಲುಬದಲಾಗಿ, ಹೆಂಗಸರ ಕೋಟಿನಲ್ಲಿ ಎಡಕ್ಕಿರುವ ಗುಂಡಿ ಗಂಡಸರದರಂತೆ ಬಲಕ್ಕೆ ಬರುತ್ತದೆ.

“ಅಣ್ಣಾ, ಗಂಡಸರ ಕೋಟು ಮಾಡಿಟ್ಟಿದೀಯಲ್ಲೋ,” ಎಂದಳು.

ನನ್ನ ಕೆಲಸದಲ್ಲಿ ಕುಂದು ಹುಡುಕಿದಳಲ್ಲ ಎಂದು ನಾನು ಮುಖ ಊದಿಸಿಕೊಂಡೆ. ಅವಳು ನನ್ನ ಬೆನ್ನ ಮೇಲೊಂದು ಗುದ್ದು ಹಾಕಿ ಹೋದಳು. ರಾತ್ರಿ ಒಂಬತ್ತಕ್ಕೆ ಹದಿನೈದು ನಿಮಿಷ ಇದ್ದಾಗ ಕೆಲಸ ಮುಗಿಸಿ ಬರುವಾಗ ವ್ಯಾನು ಹೊಡೆಯಿತು. ಅಮ್ಮ ಆ ಕೋಟನ್ನು ನೋಡಲೇ ಇಲ್ಲ. ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅದು ಕಸದ ಬುಟ್ಟಿ ಸೇರಿತ್ತು. ಪೊಲೀಸರ ಫೋಟೋದಲ್ಲಿ ಗುಂಡಿಗಳು ಗಂಡಸರ ಕಡೆ ಇದ್ದವು. ಅದನ್ನು ವಕೀಲರೂ ನೋಡಿದರು, ಅಮ್ಮನೂ ನೋಡಿದಳು. ಹೊಲಿಯದವರ ಕಣ್ಣಿಗೆ ಅದು ಬೀಳುವುದಿಲ್ಲ.

ವಕೀಲರು ಕೇಳಿದ ಕೋಟನ್ನು ನಾನು ಹೊಲಿದೆ. ಅಳತೆಗೆ ಕೋರ್ಟು ದಿನ ಕೊಡಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಅದನ್ನು ಮೇಲಿನ ಮಹಡಿಯಲ್ಲಿ ಬಿಸಿಲಿಗೆ ಹರಡಿ, ಹೊರಮೈಗೆ ಮಾತ್ರ ಬ್ರಷ್ಷಿನಲ್ಲಿ ಸೋಡಾ ನೀರು ತಿಕ್ಕಿ, ಫೋಟೋ ಪಕ್ಕದಲ್ಲಿಟ್ಟು ನೋಡಿ ನೋಡಿ ಬಣ್ಣ ಇಳಿಸಿದೆ. ಅಮ್ಮ ದಿನಾ ಸಂಜೆ ಬಂದು ಮುಟ್ಟಿ ನೋಡುತ್ತಿದ್ದಳು. ಇನ್ನೂ ಸ್ವಲ್ಪ ಬೆಳ್ಳಗಾಗಲಿ ಎಂದು ಒಮ್ಮೆ, ಈಗ ಸರಿಯಾಯಿತು ಎಂದು ಒಮ್ಮೆ. ಮೊಣಕೈ ಹತ್ತಿರ ಪುಟ್ಟಿಯ ಕೋಟು ಹೆಚ್ಚು ಮಾಸಿತ್ತು ಎಂದು ಜ್ಞಾಪಿಸಿದ್ದೂ ಅವಳೇ. ಹೇಳಿದಂತೆ ಹೊಲಿಯುವವನು ನಾನು, ಗಿರಾಕಿ ಕೇಳಿದ ಬಣ್ಣ ಕೊಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಡ್ರೈವರ್ ವೇಗವಾಗಿಯೇ ಬಂದಿರಬೇಕು ಎಂದೂ ಹೇಳಿಕೊಂಡೆ. ಮನುಷ್ಯ ತನಗೆ ತಾನು ಹೇಳಿಕೊಳ್ಳುವ ಸುಳ್ಳಿಗೆ ಅಳತೆಪಟ್ಟಿ ಇಲ್ಲ.

ಅಳತೆಯ ರಾತ್ರಿ ರಸ್ತೆಯ ಎರಡೂ ತುದಿಗೆ ಹಗ್ಗ ಕಟ್ಟಿದ್ದರು. ಪುಸ್ತಕ ಏನೇ ಹೇಳಲಿ, ಅವತ್ತು ದೀಪ ಇರಲಿಲ್ಲವೆಂದು ಡ್ರೈವರೂ ನಾವೂ ಒಂದೇ ಮಾತು ಹೇಳಿದ್ದರಿಂದ ಹೊಸ ಬಲ್ಬನ್ನು ಆರಿಸಿದ್ದರು. ಕೋರ್ಟು ನೇಮಿಸಿದ ಅಳತೆಯವನು ಸಣ್ಣ ಚಕ್ರವಿದ್ದ ಕೋಲು ಉರುಳಿಸುತ್ತ ಓಡಾಡುತ್ತಿದ್ದ, ಮಾತು ಕಡಿಮೆ. ಗೊಂಬೆ ಬೇಕಿತ್ತು, ನನ್ನ ಅಂಗಡಿಯದನ್ನೇ ಒಯ್ದಿದ್ದೆ. ಪುಟ್ಟಿಯ ಅಳತೆಗೆ ಅದಕ್ಕೆ ಹತ್ತಿ ಸುತ್ತಿ ಕೋಟು ತೊಡಿಸಿ, ಅವಳು ಬಿದ್ದ ಜಾಗದಲ್ಲಿ ನಿಲ್ಲಿಸಿ ಕಾಲರು ಸರಿ ಮಾಡಿದೆ. ಅಭ್ಯಾಸಬಲ. ವ್ಯಾನು ಅದೇ. ಸ್ಟಿಯರಿಂಗ್ ಹಿಡಿದವನು ಬೇರೆಯವನು. ಅಳತೆಯವನು ಪಕ್ಕದಲ್ಲಿ ಕೂತು ಗೊಂಬೆ ಕಂಡ ತಕ್ಷಣ ನಿಲ್ಲು ಅನ್ನುತ್ತಿದ್ದ, ಇಳಿದು ಚಕ್ರ ಉರುಳಿಸುತ್ತಿದ್ದ. ಮೂರು ಸಲ ಮಾಡಿದರು. ಐವತ್ತಮೂರು, ಐವತ್ತೊಂದು, ಐವತ್ತನಾಲ್ಕು ಮೀಟರು. ನಿಲ್ಲಲು ಬೇಕಿದ್ದದ್ದು ನಲವತ್ತು. ನಮ್ಮ ವಕೀಲರು ನನ್ನ ಕೈ ಒತ್ತಿ, ಅಮ್ಮನಿಗೆ ಫೋನ್ ಮಾಡಿ ಗೆದ್ದೆವೆಂದು ಹೇಳಲು ದೀಪದ ಕಂಬದ ಆಚೆಗೆ ಹೋದರು.

ಅವತ್ತು ವ್ಯಾನು ಓಡಿಸಿದ್ದ ಡ್ರೈವರ್ ಹಗ್ಗದ ಬಳಿ ನಿಂತಿದ್ದ. ಐವತ್ತರ ಆಸುಪಾಸಿನ, ಸಣಕಲು ಮೈಯವನು. ನಾನು ಗೊಂಬೆಯ ಕೋಟು ಬಿಚ್ಚುವಾಗ ಹತ್ತಿರ ಬಂದ. ಬೈಯುತ್ತಾನೆ, ಇಲ್ಲವೇ ಕೈಕಾಲು ಹಿಡಿಯುತ್ತಾನೆ ಎಂದು ಎರಡಕ್ಕೂ ಸಿದ್ಧನಾಗಿದ್ದೆ.

“ಮಾಸ್ಟ್ರೆ, ನಾನು ಮೂರು ಕಡೆ ಕಣ್ಣು ತೋರಿಸ್ದೆ. ಸರಿಯಿದೆ ಅಂದ್ರು ಎಲ್ಲರೂ,” ಎಂದ. ಕೋಟಿನ ತೋಳನ್ನು ಮುಟ್ಟಿ ನೋಡಿದ. “ಇಷ್ಟು ಚೆನ್ನಾಗಿ ಕಾಣಿಸುತ್ತಲ್ಲ ಇದು. ಅವತ್ತು ನನಗೆ ಮುಖ ಒಂದೇ ಕಂಡಿದ್ದು. ಮೈಯಿಲ್ಲ, ಕೈಯಿಲ್ಲ, ಮುಖ ಮಾತ್ರ, ಗಾಜಿನ ಮುಂದೆ. ಕೋಟು ಹೇಗೆ ತಪ್ಪಿಹೋಯ್ತು ನನ್ನ ಕಣ್ಣಿಗೆ? ನನಗೇನಾಗಿತ್ತು?”

ಅವನು ನನ್ನ ಉತ್ತರಕ್ಕೆ ಕಾದ. ನನ್ನ ಸುಳ್ಳನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಅವನೇ ಆಗಿದ್ದ. ಅದರ ಮುಂದೆ ತನ್ನ ಕಣ್ಣನ್ನೇ ಸುಳ್ಳು ಮಾಡಿಕೊಂಡು ನಿಂತಿದ್ದ. ಆಮೇಲೆ ನೋಡೋಣ ಎಂದೇನೋ ತೊದಲಿ, ಗೊಂಬೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದೆ. ಅಮ್ಮ ಎದ್ದು ಕೂತಿದ್ದಳು. ಎಷ್ಟೋ ದಿನದ ಮೇಲೆ ನನಗೆ ತಟ್ಟೆ ಹಾಕಿ ಬಡಿಸಿ, ತಾನೂ ಉಂಡಳು.

ಮಾರನೆಯ ದಿನ ವಕೀಲರಿಗೆ ನಿಜ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು. ನೀವು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ ಎಂದರು. ಕೋರ್ಟಿನಲ್ಲಿ ಕೋಟು ಹೊಲಿದವರು ನೀವೇನಾ ಎಂದು ಕೇಳುತ್ತಾರೆ, ಹೌದು ಅನ್ನಿ, ಇಳಿದು ಬನ್ನಿ, ಎರಡು ನಿಮಿಷದ ಕೆಲಸ. ನಾನು ಒಪ್ಪಿಕೊಂಡೇ ಬಂದೆ. ಅಮ್ಮನಿಗೆ ಹೇಳಬೇಕೆಂದು ಬಾಯಿವರೆಗೆ ಬಂದದ್ದನ್ನು ಹತ್ತು ದಿನ ನುಂಗಿದೆ.

ಕೋರ್ಟಿನಲ್ಲಿ ಅಮ್ಮ ಎರಡನೇ ಬೆಂಚಿನಲ್ಲಿ ಕೂತಿದ್ದಳು. ನ್ಯಾಯಾಧೀಶರು ಕನ್ನಡಕ ಮೇಲೇರಿಸಿ, ಆವತ್ತು ನಿಮ್ಮ ತಂಗಿ ತೊಟ್ಟ ಕೋಟು ಹೀಗೇ ಇತ್ತೇ ಎಂದು ಕೇಳಿದರು. ವಕೀಲರು ಹೇಳಿಕೊಟ್ಟ ಪ್ರಶ್ನೆ ಅದಲ್ಲ. ಡ್ರೈವರ್ ಗೋಡೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ, ಬೆರಳಿನಿಂದ ಕಣ್ಣಿನ ಮೂಲೆ ಒತ್ತಿಕೊಳ್ಳುತ್ತಿದ್ದ.

“ಬಟ್ಟೆ ಇದೇ ಸ್ವಾಮಿ,” ಎಂದೆ. “ಆದರೆ ಅವತ್ತು ಒಳಮೈ ಹೊರಗಿತ್ತು. ನಾನೇ ತಿರುವಿ ಹೊಲಿದಿದ್ದೆ. ಕಪ್ಪಗಿತ್ತು.”

ಆಮೇಲೆ ಎಲ್ಲ ತಾನಾಗಿ ನಡೆಯಿತು. ಫೋಟೋದಲ್ಲಿ ಗುಂಡಿ ಯಾವ ಕಡೆ ಇದೆ ಎಂದು ತೋರಿಸಿದೆ, ಒಬ್ಬೊಬ್ಬರೇ ಬಗ್ಗಿ ನೋಡಿದರು. ಕೆನೆ ಬಣ್ಣದ ಕೋಟಿನ ವಿಷಯವನ್ನೂ ಹೇಳಿದೆ. ಅವಳು ಬೇಡ ಎಂದಿರಲಿಲ್ಲ, ಬೇಡ ಎಂದವನು ನಾನು, ಯಾರದಾದರೂ ತಪ್ಪು ಎಂದು ಬರೆಯಲೇಬೇಕಾದರೆ ನನ್ನದು ಎಂದು ಬರೆಯಿರಿ ಎಂದೆ. ನ್ಯಾಯಾಧೀಶರು ಒರಟು ಮನುಷ್ಯರಲ್ಲ. ಕೋಟು ಹೊಲಿಯುವುದು ಅಪರಾಧವಲ್ಲ, ಈ ಪ್ರಕರಣದಲ್ಲಿ ಇರುವುದು ಇಬ್ಬರೇ, ವಾಹನ ಓಡಿಸಿದವನು ಮತ್ತು ರಸ್ತೆ ದಾಟಿದವಳು ಎಂದು ಸಮಾಧಾನವಾಗಿ ಹೇಳಿದರು. ಬೆಳ್ಳಗಿನ ಕೋಟು ತಂದದ್ದಕ್ಕೆ ಗದರಿ, ಹೊಸದಾಗಿ ಅಳತೆ ಮಾಡಿಸಲು ಆದೇಶಿಸಿದರು. ನಾನು ಆ ಕೋಟನ್ನೂ ಬಿಚ್ಚಿ ತಿರುವಿ ಹೊಲಿದುಕೊಟ್ಟೆ. ಈ ಸಲ ಅಳತೆಯವನು ನಿಲ್ಲು ಎಂದದ್ದು ಇಪ್ಪತ್ಮೂರು ಮೀಟರಿಗೆ.

ತೀರ್ಪು ಒಂಬತ್ತು ಪುಟ ಇತ್ತು. ಎಂಟನೇ ಪುಟದಲ್ಲಿ ಒಂದು ಸಾಲು: “ಮೃತಳು ಕತ್ತಲಿನಲ್ಲಿ ಕಾಣಿಸದಂಥ ಉಡುಪನ್ನು ತಾನಾಗಿಯೇ ಆಯ್ದು ಧರಿಸಿ, ನಿಗದಿತ ಪಟ್ಟೆಯನ್ನು ಬಿಟ್ಟು ರಸ್ತೆ ದಾಟಿದ್ದು ಅಪಘಾತಕ್ಕೆ ಕಾರಣವಾಗಿದೆ.” ತಾನಾಗಿಯೇ ಆಯ್ದು. ನಾನು ಅಷ್ಟು ಜನರೆದುರು ನಿಂತು ಹೇಳಿದ್ದರಲ್ಲಿ ಬಣ್ಣವನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಕಸಕ್ಕೆ ಹಾಕಿದ್ದರು. ಆ ಎರಡು ಪದ ತೆಗೆಸಲು ಅರ್ಜಿ ಬರೆದೆ. ಅರ್ಜಿದಾರ ಈ ಪ್ರಕರಣದಲ್ಲಿ ಕಕ್ಷಿದಾರನಲ್ಲ ಎಂದು ಮುದ್ರೆ ಒತ್ತಿ ವಾಪಸು ಕಳಿಸಿದರು. ಡ್ರೈವರಿಗೂ ಅದರಿಂದ ಏನೂ ಸಿಗಲಿಲ್ಲ. ತಪ್ಪಿಲ್ಲ ಎಂಬ ಕಾಗದ ಕೈಗೆ ಬಂದ ವಾರವೇ ವ್ಯಾನಿನ ಬೀಗದ ಕೈ ಮಾಲೀಕನಿಗೆ ಕೊಟ್ಟು, ಈಗ ಕಾರ್ಖಾನೆಯ ಒಳಗೆ ಹಿಟ್ಟು ಎತ್ತಿಹಾಕುತ್ತಾನೆ ಎಂದು ಕೇಳಿದೆ. ಮುಖ ಈಗಲೂ ಕಾಣುತ್ತದಂತೆ.

ಅಮ್ಮ ಕೋರ್ಟಿನಿಂದ ಬಂದ ದಿನವೂ ಅಳಲಿಲ್ಲ, ತೀರ್ಪಿನ ದಿನವೂ ಅಳಲಿಲ್ಲ. ಆ ಒಂದು ಸಾಲನ್ನು ನನ್ನ ಕೈಯಲ್ಲಿ ಎರಡು ಸಲ ಓದಿಸಿದಳು. ಆಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದಳು.

“ನೀನು ಸುಮ್ಮನಿದ್ದಿದ್ರೆ ಏನಾಗ್ತಿತ್ತು?”

ಅವನ ತಪ್ಪು ಅಂತ ಬರೆಯುತ್ತಿದ್ದರು ಅಮ್ಮಾ, ಅವನದ್ದು ತಪ್ಪಿರಲಿಲ್ಲ ಎಂದೆ.

“ಅವನು ಬದುಕಿದಾನೆ. ನನ್ನದು ತಪ್ಪಿಲ್ಲ ಅಂತ ಹೇಳ್ಕೊಳ್ಳೋಕೆ ಅವನಿಗೆ ಅವನ ಬಾಯಿತ್ತು. ಅವಳಿಗೆ ನೀನೊಬ್ಬನೇ ಇದ್ದಿದ್ದು.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ನನ್ನ ನಾಲಿಗೆಯೇನು ಕಡಿಮೆಯದಲ್ಲ. ಅವಳು ಲೆಕ್ಕ ಒಪ್ಪಿಸುವವಳಂತೆ ಹೇಳಿ ಎದ್ದುಹೋದಳು. ನಾನು ಮಾಡಿದ್ದು ಸರಿ ಎಂದು ನನಗೆ ಇವತ್ತಿಗೂ ಗೊತ್ತು. ಅದರಿಂದ ಒಂದು ತುತ್ತು ಅನ್ನ ಸಲೀಸಾಗಿ ಇಳಿದದ್ದಿಲ್ಲ.

ಎರಡು ತಿಂಗಳ ಮೇಲೆ ಕೋರ್ಟಿನವರು ಕೋಟನ್ನು ಕಾಗದದ ಚೀಲದಲ್ಲಿ ಹಾಕಿ ಕಳಿಸಿದರು, ಕಾಲರಿಗೆ ನಂಬರಿನ ಚೀಟಿ ಹಾಗೇ ಇತ್ತು. ಅಂಗಡಿಗೆ ಒಯ್ದು ಎಲ್ಲಾದರೂ ಅಡಗಿಸಿಡೋಣವೆಂದು ಬೆಳಗ್ಗೆ ಹುಡುಕಿದರೆ ಚೀಲ ಖಾಲಿ. ಅಮ್ಮ ಅದನ್ನು ಮೇಲಿನ ಮಹಡಿಗೆ ಒಯ್ದು ಹಗ್ಗಕ್ಕೆ ಹರಡಿದ್ದಳು. ಕಪ್ಪು ಮೈಯನ್ನು ಸೂರ್ಯನ ಕಡೆಗೆ ಮಾಡಿ, ತೋಳುಗಳನ್ನು ಬಿಡಿಸಿ ಪಿನ್ನು ಚುಚ್ಚಿದ್ದಳು. ಬಿಸಿಲು ಸರಿದಂತೆ ಕೋಟನ್ನೂ ಸರಿಸುತ್ತ ಹಗ್ಗದ ಪಕ್ಕದಲ್ಲೇ ಕೂತಿದ್ದಳು. ಮೊಣಕೈಯ ಜಾಗಕ್ಕೆ ಹೆಚ್ಚು ಬಿಸಿಲು ಬೀಳುವಂತೆ ಮಡಿಸಿದ್ದಳು.

ಅದರ ಒಳಗಡೆ ಬೂದಿ ಬಣ್ಣ ಆಗಲೇ ಇದೆ, ಕೊಡು, ಬಿಚ್ಚಿ ತಿರುವಿ ಕೊಡುತ್ತೇನೆ, ಹನ್ನೆರಡು ದಿನ ಸಾಕು ಎಂದೆ. ಅವಳು ನನ್ನ ಕಡೆ ನೋಡಲಿಲ್ಲ.

“ಇನ್ನು ಇದನ್ನ ನೀನು ಮುಟ್ಟಬೇಡ,” ಎಂದಳು.

ಮೋಡವಿಲ್ಲದ ದಿನವೆಲ್ಲ ಅವಳು ಅಲ್ಲೇ ಇರುತ್ತಾಳೆ. ಸಂಜೆ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದು, ಪುಟ್ಟಿಯ ಫೋಟೋದ ಪಕ್ಕದಲ್ಲಿ ಹಿಡಿದು ಬಣ್ಣ ನೋಡುತ್ತಾಳೆ. ಅವಳಿಗೆ ಎಪ್ಪತ್ತೆಂಟು. ಪುಟ್ಟಿಯ ಕೋಟು ಆ ಬಣ್ಣಕ್ಕೆ ಬರಲು ಎಂಟು ವರ್ಷ ಹಿಡಿದಿತ್ತು.